ಕ್ರೂಸ್ ಅವರದು, ವಿಮಾನ ನಮ್ಮದು: ಸಾಗರದಿಂದ ಸಿಂಗಾಪುರಕ್ಕೆ ಹೋಗಿ ಬಂದ ಲೆಕ್ಕ

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದಿಂದ ಸಿಂಗಾಪುರದ ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಹೋಗುವಾಗ ವಿಮಾನದ ಟಿಕೆಟ್ ನಾವೇ ಮಾಡಿಕೊಂಡೆವು. ತಲೆಗೆ ಹತ್ತು ಸಾವಿರದ ಮೇಲೆ ಉಳಿಯಿತು. ಹನ್ನೆರಡು ಜನರದ್ದು ಸೇರಿ ಹತ್ತಿರ ಹತ್ತಿರ ಒಂದೂಕಾಲು ಲಕ್ಷ. ಆಗಿನ ಧಾರಣೆಯಲ್ಲಿ ಎರಡೂವರೆ ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು. "ವಿಮಾನದ ಟಿಕೆಟ್ ಹಡಗಿನವರ ಕಡೆಯಿಂದಲೇ ತಗೋಬೇಕು, ನಾವೇ ಮಾಡಿಕೊಂಡರೆ ಹಡಗು ತಪ್ಪಿ ಹೋಗ್ತದೆ" ಎಂದು ನೆಂಟರಿಷ್ಟರೆಲ್ಲ ನನಗೆ ಹೇಳುತ್ತಲೇ ಬಂದಿದ್ದರು. ಅಡಿಕೆಯ ಕೊನೆಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೋಗಿ ಬಂದೆವು. ಹಡಗೂ ತಪ್ಪಲಿಲ್ಲ, ದುಡ್ಡೂ ಹೋಗಲಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎಲ್ಲರಿಗಿಂತ ಜೋರಾಗಿ ಬೇಡ ಎಂದವರು ನಮ್ಮ ದೊಡ್ಡ ಭಾವ. ಅದಕ್ಕೆ ಕಾರಣವಿತ್ತು. ನಮಗಿಂತ ಮೊದಲು ಅವರು ಅಕ್ಕ, ಇಬ್ಬರು ಮಕ್ಕಳ ಜೊತೆ ವಿಮಾನವೂ ಸೇರಿದ ಪ್ಯಾಕೇಜಿನಲ್ಲಿ ಇದೇ ಸಿಂಗಾಪುರದ ಕ್ರೂಸ್‌ಗೆ ಹೋಗಿದ್ದರು. ಯಾವ ವಿಮಾನ ಎಂದು ಗೊತ್ತಾಗಿದ್ದೇ ಹೊರಡಲು ಎರಡು ಮೂರು ವಾರ ಇರುವಾಗ. ಬೆಂಗಳೂರಿಂದ ನೇರ ವಿಮಾನ ಇದ್ದರೂ ಇನ್ನೊಂದು ಊರಿಗೆ ಹೋಗಿ, ಅಲ್ಲಿ ರಾತ್ರಿಯೆಲ್ಲ ಕಾದು, ಹಡಗು ಹೊರಡುವ ದಿನವೇ ಬೆಳಿಗ್ಗೆ ಇಳಿಯುವ ಟಿಕೆಟ್. ಎರಡನೇ ವಿಮಾನ ತಡವಾಯಿತು. ಸಂಜೆ ಹೊರಡುವ ಹಡಗಿಗೆ ಒಂದು-ಒಂದೂವರೆ ಗಂಟೆ ಮೊದಲೇ ಚೆಕ್‌ಇನ್ ಮುಚ್ಚುತ್ತಾರೆ. ಇವರು ಬಂದರು ಮುಟ್ಟುವಷ್ಟರಲ್ಲಿ ಕೌಂಟರ್ ಖಾಲಿ. ಆಮೇಲೆ ಫೋನ್ ಮಾಡಿ ಮಾಡಿ, ಪೆನಾಂಗ್‌ನಲ್ಲಿ ಹಡಗು ಹತ್ತಲು ಒಪ್ಪಿಗೆ ಪಡೆದು, ಅಲ್ಲಿಗೆ ಬೇರೆ ವಿಮಾನ ಹಿಡಿದು, ನಡುವೆ ಒಂದು ರಾತ್ರಿ ಹೋಟೆಲ್. ನಾಲ್ವರಿಗೆ ಲಕ್ಷದ ಹತ್ತಿರ ಕೈಯಿಂದ ಹೋಯಿತು. ಮಲೇಷ್ಯಾಕ್ಕೆ ನಮಗೆ ವೀಸಾ ಬೇಡ ಎಂದು 2023ರ ಡಿಸೆಂಬರಿನಿಂದ ಆಗಿತ್ತಲ್ಲ, ಅದೊಂದು ಪುಣ್ಯ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಭಾವ ಅದನ್ನು "ಹಡಗಿನವರ ಟಿಕೆಟ್" ಅಂದುಕೊಂಡಿದ್ದರು. ಅದು ಹಡಗಿನವರದ್ದಾಗಿರಲಿಲ್ಲ. ಏಜೆಂಟರು ಗುಂಪಿನ ಲೆಕ್ಕದಲ್ಲಿ ಮೊದಲೇ ಹಿಡಿದಿಟ್ಟ ಸೀಟು. ಕ್ರೂಸ್ ಕಂಪನಿಗಳಿಗೆ ತಮ್ಮದೇ ವಿಮಾನದ ವ್ಯವಸ್ಥೆ ಇರುತ್ತದೆ. ಪ್ರಿನ್ಸೆಸ್‌ನವರದು ಈಜಿಏರ್, ರಾಯಲ್ ಕೆರಿಬಿಯನ್‌ನವರದು ಏರ್‌ಟುಸೀ. ಅದರಲ್ಲಿ ಟಿಕೆಟ್ ಮಾಡಿ ವಿಮಾನ ತಡವಾದರೆ ಅವರೇ ಮುಂದಿನ ಬಂದರಿಗೆ ಸೇರಿಸುವ ದಾರಿ ನೋಡುತ್ತಾರೆ. ಅಲ್ಲೂ ಹಡಗು ನಮಗೋಸ್ಕರ ಕಾದು ನಿಲ್ಲುತ್ತದೆ ಎಂಬ ಮಾತಿಲ್ಲ. ಏಜೆಂಟರ ಪ್ಯಾಕೇಜಿನಲ್ಲಿ ಆ ಆಸರೆಯೂ ಇಲ್ಲ. ಯಾರು ಹೊಣೆ ಎಂದು ರಸೀದಿ ಓದಿ ನೋಡಿ, ಅದರಲ್ಲೇ ಇರುತ್ತದೆ. ಭಾವನ ರಸೀದಿ ತರಿಸಿ ಓದಿದ ದಿನವೇ ಮುಂದಿನ ಸಲ ನಾನೇ ಮಾಡುವುದು ಎಂದು ಗಟ್ಟಿ ಮಾಡಿಕೊಂಡೆ.

ನಮ್ಮದು ನಾಲ್ಕು ರಾತ್ರಿಯ ಪ್ರವಾಸ: ಸಿಂಗಾಪುರ, ಪೆನಾಂಗ್, ಫುಕೆಟ್, ಮತ್ತೆ ಸಿಂಗಾಪುರ. ಏಜೆಂಟರು ವಿಮಾನ ಸೇರಿಸಿ ತಲೆಗೆ ಒಂದು ಲಕ್ಷದ ಐದು ಸಾವಿರ ಹೇಳಿದರು. ವಿಮಾನ ಬಿಟ್ಟು ಬರೀ ಕ್ರೂಸ್ ಎಂದಾಗ ಅರವತ್ತಾರು. ಅಂದರೆ ವಿಮಾನಕ್ಕೆ ಮೂವತ್ತೊಂಬತ್ತು ಸಾವಿರ. ನನಗೆ ಸಿಕ್ಕಿದ ನೇರ ವಿಮಾನ, ಹೋಗಿ ಬರುವುದು ಸೇರಿ, ಸರಾಸರಿ ಇಪ್ಪತ್ತೈದೂವರೆ. ಒಂದು ರಾತ್ರಿ ಮುಂಚೆ ಹೋಗಿ ಉಳಿದಿದ್ದಕ್ಕೆ ಹೋಟೆಲ್, ವ್ಯಾನ್ ಎಲ್ಲ ಸೇರಿ ತಲೆಗೆ ನಾಲ್ಕು ಸಾವಿರದ ಚಿಲ್ಲರೆ. ಇದರ ಜೊತೆ, ವಿಮಾನದ ಭಾಗಕ್ಕೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ಹಿಡಿಯುವ ಆದಾಯ ತೆರಿಗೆ) ಕಟ್ಟದೆ ಉಳಿದದ್ದು ಎರಡು ಸಾವಿರ.

ಟಿಸಿಎಸ್ ಬಗ್ಗೆ ನಮ್ಮ ಕಡೆಯ ಬೆಳೆಗಾರರು ಸ್ವಲ್ಪ ಗಮನ ಕೊಡಬೇಕು. ವಿದೇಶದ ಪ್ರವಾಸದ ಪ್ಯಾಕೇಜಿನ ಮೇಲೆ ನಾವು ಹೋದಾಗ ಶೇ 5 ಹಿಡಿಯುತ್ತಿದ್ದರು. ದರ ಬದಲಾಗುತ್ತಾ ಇರುತ್ತದೆ, ಹೊರಡುವ ವರ್ಷದ್ದು ನೋಡಿಕೊಳ್ಳಿ. ವಿಮಾನದ ಟಿಕೆಟ್ ಒಂದನ್ನೇ ಕೊಂಡರೆ ಅದು ಪ್ಯಾಕೇಜ್ ಅಲ್ಲ, ಟಿಸಿಎಸ್ ಇಲ್ಲ. ಟಿಕೆಟ್, ವಸತಿ ಹೀಗೆ ಎರಡು ಸೇರಿದರೆ ಪ್ಯಾಕೇಜ್. ಸಂಬಳದವರಿಗೆ ಹಿಡಿದ ದುಡ್ಡು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಕೆಯಾಗುತ್ತದೆ. ಬರೀ ತೋಟದ ಉತ್ಪನ್ನ ಇರುವ ನಮ್ಮಂಥವರು ರಿಟರ್ನ್ ಹಾಕುವುದೇ ಅಪರೂಪ. ಹಾಕದಿದ್ದರೆ ಆ ದುಡ್ಡು ಅಲ್ಲೇ ಕೂತಿರುತ್ತದೆ. ಭಾವನದ್ದು ಇನ್ನೂ ಅಲ್ಲೇ ಇದೆ. ನಾನು ಕ್ರೂಸ್ ಭಾಗಕ್ಕೆ ಹಿಡಿದದ್ದನ್ನು ಎಲ್ಲರ ಹೆಸರಲ್ಲೂ ರಿಟರ್ನ್ ಹಾಕಿಸಿ ವಾಪಸ್ ತರಿಸಿಕೊಟ್ಟೆ.

ಟಿಕೆಟ್ ಹುಡುಕುವುದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಮಾತು ಮಾತ್ರ. ಹೆಚ್ಚು ಜನರನ್ನು ಒಟ್ಟಿಗೆ ಹಾಕಿದಾಗ ತಲೆಗೆ ಮೂವತ್ತೊಂದು ಸಾವಿರ ತೋರಿಸಿತು. ಅದೇ ವಿಮಾನಕ್ಕೆ ನಾಲ್ಕು ಜನ ಎಂದು ಹಾಕಿದೆ, ಇಪ್ಪತ್ತಮೂರೂವರೆ. ಕಡಿಮೆ ದರದ ಸೀಟು ಐದಾರೇ ಉಳಿದಿದ್ದರೆ, ಅಷ್ಟೂ ಜನರಿಗೆ ಸಾಲುವ ಮೇಲಿನ ದರವನ್ನೇ ಎಲ್ಲರಿಗೂ ಹಾಕಿಬಿಡುತ್ತದೆ. ನಾಲ್ಕು ನಾಲ್ಕು ಜನರ ಮೂರು ಪಿಎನ್‌ಆರ್ ಮಾಡಿದೆ. ಮೊದಲ ನಾಲ್ವರದು ಅಗ್ಗ, ಕೊನೆಯ ನಾಲ್ವರದು ಸ್ವಲ್ಪ ಏರಿತು, ಎಲ್ಲರ ಮೇಲೂ ಸಮ ಹಂಚಿದೆ. ಆಮೇಲೆ ವಿಮಾನದವರಿಗೆ ಫೋನ್ ಮಾಡಿ ಮೂರೂ ಒಂದೇ ಕುಟುಂಬದ್ದು ಎಂದು ನಮೂದಿಸಲು ಹೇಳಿದೆ, ವಿಮಾನ ರದ್ದಾದರೆ ಮುದುಕರು ಒಂದು ಕಡೆ, ಮಕ್ಕಳು ಒಂದು ಕಡೆ ಆಗಬಾರದಲ್ಲ. ಹತ್ತು ಜನ ದಾಟಿದರೆ ಗುಂಪಿನ ದರವೂ ಕೇಳಬಹುದು. ನಾನು ಕೇಳಿದಾಗ ಅದು ಇದಕ್ಕಿಂತ ಹೆಚ್ಚೇ ಬಂತು. ವಾರದಲ್ಲಿ ಯಾವಾಗ ನೋಡುತ್ತೇನೆ, ಬರೀ ಕ್ರೂಸ್ ಕೊಡುವುದಿಲ್ಲ ಎಂದ ಏಜೆಂಟರಿಂದ ಅದನ್ನು ಹೇಗೆ ತೆಗೆಸಿದೆ, ಇವೆರಡು ನನ್ನ ಹತ್ತಿರವೇ ಇರಲಿ.

ಕ್ರೂಸ್ ಖಾತ್ರಿಯಾಗುವ ಮೊದಲು ವಿಮಾನಕ್ಕೆ ದುಡ್ಡು ಕಟ್ಟಬೇಡಿ. ಹಡಗು ಹೊರಡುವ ಹೊತ್ತನ್ನೂ ಬಂದರನ್ನೂ ಬದಲಾಯಿಸುವ ಹಕ್ಕು ಕ್ರೂಸ್ ಕಂಪನಿಗೆ ಕರಾರಿನಲ್ಲೇ ಇರುತ್ತದೆ. ನಾವೇ ಕೊಂಡ ಟಿಕೆಟ್ಟಿಗೆ ಅವರ ಹೊಣೆ ಇಲ್ಲ. ನಾನು ಅದಕ್ಕಾಗಿಯೇ ಸ್ವಲ್ಪ ಹೆಚ್ಚು ಕೊಟ್ಟು ದಿನ ಬದಲಾಯಿಸಬಹುದಾದ ದರ ಆರಿಸಿದೆ. ಅದು ಇಪ್ಪತ್ತೈದೂವರೆಯಲ್ಲಿ ಸೇರಿದೆ.

ಹೆಸರಿನ ವಿಷಯಕ್ಕೆ ಬರುತ್ತೇನೆ, ಅತಿ ಹೆಚ್ಚು ಹೊತ್ತು ತಿಂದದ್ದು ಅದೇ. ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಚಿಕ್ಕಮಾವನದ್ದು ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಒಂದು ಸಾಲು ಉದ್ದ. ನಮ್ಮ ಕಡೆ ಹಳೆಯ ಪಾಸ್‌ಪೋರ್ಟ್‌ಗಳು ಹೆಚ್ಚಿನವು ಹೀಗೇ. ಸರ್‌ನೇಮ್ ಇಲ್ಲದವರಿಗೆ ಒಂದು ವಿಮಾನದವರು ಅದೇ ಹೆಸರನ್ನು ಎರಡು ಸಲ ಬರೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಬೇರೆ ಹೇಳುತ್ತಾರೆ. ದುಡ್ಡು ಕಟ್ಟುವ ಮೊದಲೇ ಕೇಳಿಕೊಂಡೆ. ಕ್ರೂಸ್ ಪಟ್ಟಿಯಲ್ಲೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿದೆ. ಪ್ಯಾಕೇಜಿನಲ್ಲಿ ಇದನ್ನು ಯಾರೋ ತುಂಬುತ್ತಾರೆ, ತಪ್ಪಾದರೆ ವಿಮಾನ ನಿಲ್ದಾಣದಲ್ಲಿ ನಿಲ್ಲುವವರು ನಾವು. ದುಬೈಗಂತೂ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿಗಳಾಗಿ ಹೋಗುವುದೇ ಕಷ್ಟ, 2022ರ ನವೆಂಬರಿನಿಂದ ಆ ನಿಯಮ ಬಂದಿದೆ.

ನಾವೇ ಮಾಡಿದ ಟಿಕೆಟ್‌ನಲ್ಲಿ ಊಟವನ್ನೂ ನಾವೇ ಬರೆಸಬಹುದು. ಊಟದ ಕೋಡ್ ವಿಜಿಎಂಎಲ್ ಎಂದು ಹಾಕಿದರೆ ಹಾಲು ಮೊಸರೂ ಇಲ್ಲದ ಸಪ್ಪೆ ಊಟ ಬರುತ್ತದೆ. ನಮಗೆ ಬೇಕಾದದ್ದು ಎವಿಎಂಎಲ್, ಅಂದರೆ ನಮ್ಮ ಕಡೆಯ ರೀತಿಯ ಸಸ್ಯಾಹಾರ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಅತ್ತೆಗೆ ವಿಜೆಎಂಎಲ್, ಅಂದರೆ ಜೈನರ ಊಟ. ಗಾಲಿಕುರ್ಚಿಯನ್ನೂ ಆಗಲೇ ಬರೆಸಿದೆ. ಎಲೆಯಡಿಕೆ ಹಾಕುವವರಿಗೆ ಮಾತ್ರ ಹೊರಡುವ ಮುಂಚೆಯೇ ಚೀಲ ಬಿಚ್ಚಿಸಿದೆ. ಜಗಿಯುವ ತಂಬಾಕು ಸಿಂಗಾಪುರಕ್ಕೆ ತರುವುದೇ ಅಪರಾಧ.

ಊರಿಂದ ಬೆಂಗಳೂರಿಗೆ ಹೇಗೆ ಎಂಬುದರಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು, 2023ರ ಆಗಸ್ಟ್ 31ಕ್ಕೆ ಮೊದಲ ವಿಮಾನ ಬಂದಾಗ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಆದರೂ ಹಡಗು ಹಿಡಿಯುವ ಪ್ರಯಾಣಕ್ಕೆ ಅದನ್ನು ನೆಚ್ಚಿಕೊಳ್ಳುವುದಿಲ್ಲ. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ನಾನು, ನಮ್ಮ ಯಜಮಾನರು ಇಬ್ಬರೇ ಹೊರಟಿದ್ದ ಒಂದು ಸಲ ಬೇಕೆಂದೇ ಅಲ್ಲಿಂದ ಟಿಕೆಟ್ ಮಾಡಿ, ಕೈಯಲ್ಲಿ ಒಂದು ದಿನ ಇಟ್ಟುಕೊಂಡಿದ್ದೆ. ಮೋಡ ಕವಿದು ಮುಂದೆ ಕಾಣದೆ ವಿಮಾನ ಇಳಿಯಲಾಗದೆ ಹಿಂದಿರುಗಿತು. ಟಿಕೆಟ್ ದುಡ್ಡು ವಾಪಸ್ ಬಂತು, ನಾವು ರೈಲು ಹತ್ತಿದೆವು. ಬೇರೆ ಬೇರೆ ಟಿಕೆಟ್ ಆದಾಗ ಮೊದಲನೆಯದು ತಪ್ಪಿದರೆ ಎರಡನೆಯವರು ಕೇಳುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ಹನ್ನೆರಡೂ ಜನಕ್ಕೆ ಸಾಗರ ಜಂಬಗಾರು ನಿಲ್ದಾಣದಿಂದ ರಾತ್ರಿಯ ತಾಳಗುಪ್ಪ–ಮೈಸೂರು ರೈಲು. ಬೆಳಕು ಹರಿಯುವ ಮೊದಲು ಮೆಜೆಸ್ಟಿಕ್, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ವಾಯುವಜ್ರ ಬಸ್. ವಾಪಸ್ ಬರುವಾಗ ರಾತ್ರಿ ಇಳಿದು ನೆಂಟರ ಮನೆ, ಮರುದಿನ ಮಧ್ಯಾಹ್ನದ ಇಂಟರ್‌ಸಿಟಿ.

ಇನ್ನೂ ಅಗ್ಗ ಆಗಲಿ ಎಂದು ಕ್ವಾಲಾಲಂಪುರದ ದಾರಿಯನ್ನೂ ನೋಡಿದ್ದೇನೆ. ವಿಮಾನ ಹದಿನಾರು ಸಾವಿರದ ಹತ್ತಿರ. ಅಲ್ಲಿ ಒಂದು ದಿನ ತಿರುಗಾಡಿ ಟಿಬಿಎಸ್ ನಿಲ್ದಾಣದಿಂದ ಸಿಂಗಾಪುರಕ್ಕೆ ಬಸ್, ಸಾವಿರದ ಚಿಲ್ಲರೆ. ಐದಾರು ಗಂಟೆಯ ದಾರಿ ಎನ್ನುತ್ತಾರೆ, ನಮಗೆ ಎಂಟು ಹಿಡಿಯಿತು. ಜೋಹೋರ್‌ನಲ್ಲಿ ಒಮ್ಮೆ, ಸಿಂಗಾಪುರದಲ್ಲಿ ಒಮ್ಮೆ ಇಳಿದು ಸಾಲು ನಿಲ್ಲಬೇಕು, ಎರಡನೆಯ ಕಡೆ ಸೂಟ್‌ಕೇಸನ್ನೂ ಎಳೆದುಕೊಂಡೇ. ಗಟ್ಟಿಮುಟ್ಟಾದ ಇಬ್ಬರಿಗೆ ಸರಿ. ಮಂಡಿನೋವಿನವರಿದ್ದರೆ ಬೇಡ.

ತೀರ್ಥಹಳ್ಳಿ, ಕೊಪ್ಪದ ಕಡೆಯವರು ದುಬೈ ಕ್ರೂಸ್‌ಗೆ ಬೆಂಗಳೂರಿಗೆ ಹೋಗುವುದೇ ದಂಡ. ಅದು ಚಳಿಗಾಲದ ಪ್ರವಾಸ, ಆಗುಂಬೆ ಘಾಟಿ ಆಗ ಚೆನ್ನಾಗಿರುತ್ತದೆ, ಮಂಗಳೂರಿಂದ ದುಬೈಗೆ ನೇರ ವಿಮಾನ. ಅಲ್ಲಿ ಪೋರ್ಟ್ ರಶೀದ್ ಬೇರೆ, ದುಬೈ ಹಾರ್ಬರ್ ಬೇರೆ, ಯಾವುದೆಂದು ನೋಡಿಕೊಳ್ಳಿ. ಸಿಂಗಾಪುರದಲ್ಲೂ ಮರೀನಾ ಬೇ, ಹಾರ್ಬರ್‌ಫ್ರಂಟ್ ಎಂದು ಎರಡಿವೆ.

ಹಡಗಿನವರ ವಿಮಾನವೇ ಒಳ್ಳೆಯದಾದದ್ದನ್ನೂ ಕಂಡಿದ್ದೇನೆ. ಹೊಸನಗರದ ಕಡೆಯ ಗೆಳತಿಯ ಮಗ ಅಮೆರಿಕದಲ್ಲಿದ್ದಾನೆ. ಅಪ್ಪ ಅಮ್ಮನನ್ನು ಅಲಾಸ್ಕಾ ಕ್ರೂಸ್‌ಗೆ ಕರೆದೊಯ್ದ, ವ್ಯಾಂಕೂವರ್‌ನಲ್ಲಿ ಹತ್ತಿ ಅಲಾಸ್ಕಾದಲ್ಲಿ ಇಳಿಯುವುದು. ಹೋಗುವ ಊರು ಒಂದು, ಬರುವ ಊರು ಇನ್ನೊಂದು. ಬಿಡಿ ಬಿಡಿಯಾಗಿ ಒಂದು ಕಡೆಯ ಟಿಕೆಟ್ ನೋಡಿದರೆ ಕೈ ಸುಡುತ್ತಿತ್ತು, ಕ್ರೂಸ್ ಕಂಪನಿಯ ದರ ಮುಕ್ಕಾಲು ಪಾಲು. ನಾನೇ ಅದನ್ನು ತಗೊಳ್ಳಿ ಎಂದೆ. ಅಲ್ಲಿ ಇನ್ನೊಂದು ತೊಡಕಿದೆ. ಅಲಾಸ್ಕಾಕ್ಕೆ ಹಡಗು ಹೊರಡುವ ಅಮೆರಿಕದ ಬಂದರು ಸಿಯಾಟಲ್‌ನಲ್ಲಿ ಹಡಗು ತಪ್ಪಿದರೆ ಮುಂದಿನ ಬಂದರಿನಲ್ಲಿ ಹತ್ತಿಸಿಕೊಳ್ಳಲು 1886ರ ಅಮೆರಿಕದ ಕಾನೂನು ಅಡ್ಡ ಬರುತ್ತದೆ: ವಿದೇಶದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಜನರನ್ನು ಸುಮ್ಮನೆ ಸಾಗಿಸುವಂತಿಲ್ಲ. ಅಂಥ ಕಡೆಗೆ ಯಾರ ಟಿಕೆಟ್ ಆದರೂ ಎರಡು ರಾತ್ರಿ ಮುಂಚೆ ಹೋಗಿ.

ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ನಮ್ಮ ವಿಮಾನ ಐದು ಗಂಟೆ ತಡವಾಯಿತು. ಭಾವ ಊರಿಂದಲೇ ಫೋನ್ ಮಾಡಿ, "ನಾ ಹೇಳಿರ್ಲಿಲ್ವನೇ?" ಎಂದರು. "ಹಡಗು ನಾಳೆ ಸಂಜೆಗೆ ಭಾವ, ನೀವು ಆರಾಮಾಗಿ ಮಲಗಿ" ಎಂದೆ. ರಾತ್ರಿ ಹನ್ನೊಂದರ ಸುಮಾರಿಗೆ ಇಳಿದೆವು. ಲಿಟಲ್ ಇಂಡಿಯಾದ ಹೋಟೆಲಿನವರಿಗೆ ತಡವೆಂದು ಮೊದಲೇ ತಿಳಿಸಿದ್ದೆ. ಬೆಳಿಗ್ಗೆ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ಕಾಫಿ. ಮುದುಕರಿಗೆ ವ್ಯಾನ್ ಮಾಡಿ, ಉಳಿದವರು ಧೋಬಿ ಘಾಟ್‌ನಲ್ಲಿ ಬದಲಾಯಿಸಿ ಕೆಂಪು ಮಾರ್ಗದ ಕೊನೆಯ ನಿಲ್ದಾಣ ಮರೀನಾ ಸೌತ್ ಪಿಯರ್‌ವರೆಗೆ ಮೆಟ್ರೋದಲ್ಲೇ ಬಂದರು. ಹನ್ನೆರಡೂವರೆಗೆ ಎಲ್ಲರೂ ಕೌಂಟರ್ ಮುಂದೆ.

ಈ ಏಪ್ರಿಲ್‌ನಲ್ಲಿ ಭಾವನೇ ಎಂಟು ಜನರ ಪಾಸ್‌ಪೋರ್ಟ್ ಫೋಟೋ ಕಳಿಸಿ ಬರುವ ಫೆಬ್ರವರಿಗೆ ನೋಡು ಎಂದಿದ್ದಾರೆ. ಎರಡರಲ್ಲಿ ಆರು ತಿಂಗಳ ಅವಧಿ ಉಳಿಯುವುದಿಲ್ಲ. ನವೀಕರಣಕ್ಕೆ ಹಾಕುವಾಗಲೇ ಸರ್‌ನೇಮ್ ಜಾಗವನ್ನೂ ತುಂಬಿಸಿ ಎಂದು ಹೇಳಿ ಕಳಿಸಿದ್ದೇನೆ. ಅದು ಕೈಗೆ ಬಂದಮೇಲೆ ಕ್ರೂಸ್, ಕ್ರೂಸ್ ಖಾತ್ರಿಯಾದ ಮೇಲೆ ವಿಮಾನ.