ಒಂದೇ ತರಗತಿಯ ಬೇರೆ ಬೇರೆ ಮಕ್ಕಳಿಗೆ ಒಂದೇ ಪಾಠ ಹೊಂದಿಸುವುದು ಹೇಗೆ?

ಕಲಿಸುವ ವಿಧಾನ ಬದಲಿಸುವ ಮೊದಲು ಯಾವ ಮಗು ಎಲ್ಲಿ ತಡವರಿಸುತ್ತಿದೆ ಎಂದು ನೋಡಿಕೊಳ್ಳಿ. ಭಿನ್ನರಾಶಿ ಕೂಡುವ ಪಾಠವನ್ನೇ ತೆಗೆದುಕೊಳ್ಳೋಣ. ಹಿಂದಿನ ದಿನದ ಕೊನೆಯ 5 ನಿಮಿಷದಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಎರಡೇ ಪ್ರಶ್ನೆ ಕೇಳಿ: 1/3, 1/4 ಇವುಗಳಲ್ಲಿ ಯಾವುದು ದೊಡ್ಡದು, ಏಕೆ? ಎರಡನ್ನೂ ಕೂಡಿದರೆ ಎಷ್ಟು?

ಮೊತ್ತ 2/7 ಎಂದು ಬರೆದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾರೆ. 'ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ 1/4 ದೊಡ್ಡದು' ಎಂದವರ ತೊಡಕು ಇನ್ನೂ ಹಿಂದಿನದು. ಭಾಗ ಹೆಚ್ಚಾದಷ್ಟೂ ಪ್ರತಿ ಭಾಗ ಚಿಕ್ಕದಾಗುತ್ತದೆ ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ. ಈ ಎರಡು ಬಗೆಯವರಿಗೂ ಒಂದೇ ಪಾಠವನ್ನು ಮತ್ತೆ ಮಾಡಿದರೆ ಶ್ರಮ ವ್ಯರ್ಥ.

1/4 ದೊಡ್ಡದು ಎಂದವರು ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಮಡಚಿ, ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಭಾಗ ಮಾಡಿ ಹೋಲಿಸಲಿ. 2/7 ಬರೆದವರಿಗೆ 12 ಚೌಕಗಳ ಪಟ್ಟಿ ಕೊಡಿ. 1/3 ಎಂದರೆ 4 ಚೌಕ, 1/4 ಎಂದರೆ 3, ಒಟ್ಟು 7/12. ಆಮೇಲೆ ಕೇಳಿ: 2/7 ಎಂಬುದು 1/3ಕ್ಕಿಂತಲೂ ಕಡಿಮೆ, ಕೂಡಿದ ಮೇಲೆ ಕಡಿಮೆಯಾದೀತೇ? ತಪ್ಪು ಅವರ ಕಣ್ಣಿಗೇ ಬೀಳಬೇಕು.

ಅಭ್ಯಾಸದ ಹಾಳೆಯಲ್ಲಿ ಲೆಕ್ಕ ಎಲ್ಲರಿಗೂ ಅದೇ ಇರಲಿ, ಆಸರೆ ಮಾತ್ರ ಬದಲಾಗಲಿ. ಒಂದು ಹಾಳೆಯಲ್ಲಿ ಪೂರ್ತಿ ಬಿಡಿಸಿದ ಮಾದರಿ ಲೆಕ್ಕ, ಇನ್ನೊಂದರಲ್ಲಿ ಅರ್ಧ ಬಿಡಿಸಿ ಬಿಟ್ಟ ಹಂತಗಳು, ಮೂರನೆಯದರಲ್ಲಿ ಬರೀ ಲೆಕ್ಕ. ಸತತ ಎರಡು ಲೆಕ್ಕ ಸರಿಯಾದ ಕೂಡಲೇ ಮಗು ಮುಂದಿನ ಹಾಳೆಗೆ ಹೋಗಲಿ. ಹಿಂದುಳಿದವರಿಗೆ ಯಾವಾಗಲೂ ಸುಲಭದ ಲೆಕ್ಕವನ್ನೇ ಕೊಡುವುದು ಕರುಣೆಯಂತೆ ಕಾಣುತ್ತದೆ, ಆದರೆ ಅದರಿಂದ ಅಂತರ ಬೆಳೆಯುತ್ತಲೇ ಹೋಗುತ್ತದೆ. ಬೇಗ ಮುಗಿಸಿದವರಿಗೆ ಅಂಥದ್ದೇ ಇಪ್ಪತ್ತು ಲೆಕ್ಕ ಹೇರಬೇಡಿ. ಮೊತ್ತ 7/12 ಬರುವ ಬೇರೆ ಜೋಡಿಗಳನ್ನು ಹುಡುಕಲು ಹೇಳಿ.

ಲೆಕ್ಕ ಬರುತ್ತದೆ, ಆದರೆ ವಾಕ್ಯರೂಪದ ಸಮಸ್ಯೆ ಬಿಡಿಸಲಾಗದು ಎಂದಾದರೆ ಪ್ರಶ್ನೆಯನ್ನು ನೀವೇ ಓದಿ ಹೇಳಿ. ಆಗ ಉತ್ತರ ಬಂದರೆ ಅಡಚಣೆ ಬಹುಶಃ ಓದಿನದು. ಚಿಕ್ಕ ವಾಕ್ಯ, ದೊಡ್ಡ ಅಕ್ಷರ, ಹೆಚ್ಚು ಸಮಯ ಕೊಡಿ, ಬಾಯಿಮಾತಿನ ಉತ್ತರವನ್ನೂ ಒಪ್ಪಿಕೊಳ್ಳಿ. ಅಂಥ ಮಗುವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ.

ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡು ಸುಮ್ಮನಿರಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಿಧಾನವಾಗಿ ಯೋಚಿಸುವ ಮಗುವಿಗೆ ಅಷ್ಟು ಸಾಲದು.

ಮಕ್ಕಳನ್ನು 'ನೋಡಿ ಕಲಿಯುವವರು', 'ಕೇಳಿ ಕಲಿಯುವವರು' ಎಂದು ವಿಂಗಡಿಸುವ ರೂಢಿ ಬಿಡಿ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನಲು ತಕ್ಕ ಪುರಾವೆಯಿಲ್ಲವೆಂದು 2008ರಲ್ಲಿ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರ ಪರಾಮರ್ಶೆ ಹೇಳಿತು. ನಕ್ಷೆಯನ್ನು ಎಲ್ಲರೂ ನೋಡಬೇಕು, ಉಚ್ಚಾರಣೆಯನ್ನು ಎಲ್ಲರೂ ಕೇಳಬೇಕು.

ಗುಂಪುಗಳಿಗೆ ಹೆಸರಿಡಬೇಡಿ, ಕಾಯಂ ಮಾಡಬೇಡಿ. ಪಾಠ ಮುಗಿದಾಗ ಮತ್ತೆ ಚೀಟಿ ಹಂಚಿ 1/2 + 1/5 ಕೇಳಿ. ಸರಿಯುತ್ತರ 7/10, ಹಳೆಯ ತಪ್ಪು ಉಳಿದಿದ್ದರೆ ಇಲ್ಲೂ 2/7 ಎಂದೇ ಬರುತ್ತದೆ. ನಾಳೆ ಪಟ್ಟಿ ಯಾರ ಕೈಗೆ ಕೊಡಬೇಕೆಂದು ಆ ಚೀಟಿಗಳನ್ನು ನೋಡಿ ನಿರ್ಧರಿಸಿ.