ಬೀಡು ಕಬ್ಬಿಣಕ್ಕೆ ವೈಟ್ ಮೆಟಲ್ ಹಿಡಿಸಿದ ಕಥೆ

ಯಂತ್ರದ ಶಾಫ್ಟ್ ತಿರುಗುವ ಬೇರಿಂಗ್‌ಗೆ ಹೊರಗೆ ಗಟ್ಟಿ ಕವಚ ಇರುತ್ತದೆ, ಅದೇ ಶೆಲ್. ಅದರ ಒಳಮೈಗೆ ಕರಗಿಸಿ ಸುರಿಯುವ ಮೆತ್ತನೆಯ ತವರದ ಮಿಶ್ರಲೋಹ ವೈಟ್ ಮೆಟಲ್. ಬೀಡಿನ, ಅಂದರೆ ಎರಕದ ಕಬ್ಬಿಣದ, ಶೆಲ್‌ಗೆ ವೈಟ್ ಮೆಟಲ್ ಅಂಟುವುದೇ ಇಲ್ಲ, ಡವ್‌ಟೇಲ್ (ಒಳಗೆ ಅಗಲವಾಗುವ ಕಚ್ಚು) ಕಡಿದು ಸುರಿದುಬಿಡು ಅಂತ ಬೆಳಗಾವಿಯ ಉದ್ಯಮಬಾಗದಲ್ಲಿ ನನಗೆ ಹೇಳದವರಿಲ್ಲ. ಡವ್‌ಟೇಲ್ ಲೋಹವನ್ನು ಹಿಡಿದಿಡುತ್ತದೆ, ನಿಜ. ಆದರೆ ಎರಡರ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಎಣ್ಣೆ ಒಳಗೆ ಇಳಿಯುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ, ಆಮೇಲೆ ಹಂಗಾಮಿನ ನಡುವೆ ಬೇರಿಂಗ್ ಕರಗಿ ಕೂತಾಗ ಸಕ್ಕರೆ ಕಾರ್ಖಾನೆಯವರು ರಾತ್ರಿ ಎರಡು ಗಂಟೆಗೆ ಫೋನ್ ಮಾಡುವುದು ನಮಗೇ ಅಲ್ವಾ.

ಸ್ಟೀಲ್ ಶೆಲ್ ಎಲ್ಲರೂ ಮಾಡುತ್ತಾರೆ. ಬೀಡಿನ ತೊಂದರೆ ಅದರೊಳಗಿನ ಇಂಗಾಲ, ಅಂದರೆ ಗ್ರಾಫೈಟ್. ವೈಟ್ ಮೆಟಲ್ ಸುರಿಯುವ ಮೊದಲು ಶೆಲ್‌ಗೆ ತವರ ಹಿಡಿಸಬೇಕು, ತವರ ಗ್ರಾಫೈಟ್ ಕಂಡರೆ ಓಡುತ್ತದೆ. ಬಾಯ್ಲರ್ ಫ್ಯಾನಿನ ಹಳೇ ಬೇರಿಂಗ್, ನಾಲ್ಕು ಅರ್ಧಗಳು, ಅದೇ ನನ್ನ ಮೊದಲ ಜಾಬ್. ಆ್ಯಸಿಡ್‌ನಲ್ಲಿ ಚೆನ್ನಾಗಿ ತೊಳೆಯೋಣ ಅಂತ ಅರ್ಧ ಗಂಟೆ ಇಟ್ಟೆ. ಕಬ್ಬಿಣ ಕರಗಿ ಗ್ರಾಫೈಟ್ ಮಸಿಯ ಹಾಗೆ ಮೇಲೆ ನಿಂತಿತು, ಬೆರಳಿಟ್ಟರೆ ಕಪ್ಪು. ಮತ್ತೆ ಬ್ಲಾಸ್ಟ್ ಮಾಡಿಸಿ (ರಭಸದಿಂದ ಕಣ ಹೊಡೆಸಿ ಮೈ ಶುಚಿ ಮಾಡಿಸಿ) ಟಿನ್ನಿಂಗ್‌ಗೆ, ಅಂದರೆ ತವರ ಹಿಡಿಸಲು, ಹಾಕಿದರೆ ಇಪ್ಪತ್ತು ವರ್ಷ ಕುಡಿದ ಎಣ್ಣೆಯೆಲ್ಲ ಬೆವರಿನ ಹಾಗೆ ಹೊರಗೆ ಬಂತು. ಆ ಬೇಸಿಗೆಯಲ್ಲಿ ತವರ, ಗ್ಯಾಸ್, ಬ್ಲಾಸ್ಟಿಂಗ್, ಎರಡೆರಡು ಸಲದ ಲೇತ್ ಕೆಲಸ ಎಲ್ಲ ಸೇರಿ 70 ಸಾವಿರದಷ್ಟು ಕೈಬಿಟ್ಟಿತು. ತವರ ಆಗಲೇ ಕೆಜಿಗೆ ಎರಡೂವರೆ ಸಾವಿರದ ಆಸುಪಾಸು ಇತ್ತು.

ದಾರಿ ಹೊಳೆದದ್ದು ಕಲಾಯಿಯಿಂದ. ಚಿಕ್ಕಂದಿನಲ್ಲಿ ನಮ್ಮ ಓಣಿಗೆ ಕಲಾಯಿ ಹಾಕುವವರು ಬರುತ್ತಿದ್ದರು. ಕಾದ ತಾಮ್ರದ ಹಂಡೆಗೆ ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸಲ ಒರೆಸಿದರೆ ಹಂಡೆಯ ಒಳಗೆಲ್ಲ ಬೆಳ್ಳಿ ಹರಿದ ಹಾಗೆ. ತವರಕ್ಕೆ ಇಷ್ಟವಾದ ಲೋಹದ ಅಂಗಿಯನ್ನು ಬೀಡಿಗೆ ಮೊದಲು ತೊಡಿಸಿದರೆ? ಮೈಲುತುತ್ತದ ನೀರಲ್ಲಿ ಅದ್ದಿದೆ. ಕ್ಷಣದಲ್ಲಿ ಕೆಂಪಗೆ ತಾಮ್ರ ಬಂತು, ಹೆಬ್ಬೆರಳಲ್ಲಿ ಉಜ್ಜಿದರೆ ಹೋಯಿತು. ಸೈನೈಡ್ ತೊಟ್ಟಿಯಲ್ಲಿ ತಾಮ್ರ ಗಟ್ಟಿ ಕೂರುತ್ತದೆ, ಗೊತ್ತು. ಆದರೆ ಹುಡುಗರು ಊಟದ ಡಬ್ಬಿ ಬಿಚ್ಚುವ ಶೆಡ್‌ನಲ್ಲಿ ಸೈನೈಡ್ ಇಡಲು ನನಗೆ ಮನಸ್ಸಿಲ್ಲ.

ಹಾಗಾಗಿ ನಿಕ್ಕಲ್ ಪ್ಲೇಟಿಂಗ್, ಅಂದರೆ ತೊಟ್ಟಿಯಲ್ಲಿ ಕರೆಂಟ್ ಬಿಟ್ಟು ನಿಕ್ಕಲ್ ಪದರ ಕೂರಿಸುವುದು. ಗ್ರಾಫೈಟ್‌ನಲ್ಲೂ ಕರೆಂಟ್ ಹರಿಯುತ್ತದೆ, ಆದ್ದರಿಂದ ನಿಕ್ಕಲ್ ಅದರ ಮೇಲೂ ಸೇತುವೆ ಕಟ್ಟಿಕೊಂಡು ಕೂರುತ್ತದೆ. ಮೊದಲು ಹೊರಗೆ ಕೊಟ್ಟು ಪ್ಲೇಟಿಂಗ್ ಮಾಡಿಸಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತವರದ ತೊಟ್ಟಿಗೆ ಇಳಿಸಿದ್ದೇ ತಡ, ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಹೊಳಪಿಗೆ ಹಾಕುವ ಬ್ರೈಟ್ನರ್ ಬಿಸಿಗೆ ಆಗುವುದಿಲ್ಲ. ಹೊಳಪಿಲ್ಲದ ಮಂಕು ನಿಕ್ಕಲ್ಲೇ ಬೇಕು. ಕೊನೆಗೆ ನಾನೇ ಪ್ಲೇಟಿಂಗ್ ಮಾಡಲು, ಎಸಿ ಕರೆಂಟನ್ನು ಡಿಸಿ ಮಾಡುವ ಹಳೇ ರೆಕ್ಟಿಫೈಯರ್ ಒಂದನ್ನು 18 ಸಾವಿರಕ್ಕೆ ತಂದೆ. ನಿಕ್ಕಲ್ ಉಪ್ಪು, ಆನೋಡ್, ತೊಟ್ಟಿಗೆ ಇನ್ನೊಂದು 25 ಸಾವಿರ ಆಯಿತು.

ಈಗ ನಾನು ಮಾಡುವುದು ಹೀಗೆ. ಹಳೇ ಲೋಹ ಕರಗಿಸಿ ತೆಗೆದು, ಶೆಲ್ ಅನ್ನು 400 ಡಿಗ್ರಿ ಹತ್ತಿರ ಮೂರು ನಾಲ್ಕು ಗಂಟೆ ಸುಡುತ್ತೇನೆ, ಹೊಗೆ ಪೂರ್ತಿ ನಿಲ್ಲುವವರೆಗೆ. ಬ್ಲಾಸ್ಟ್ ಮಾಡಿದ ದಿನವೇ ಪ್ಲೇಟಿಂಗ್. ತೊಟ್ಟಿ 50-55 ಡಿಗ್ರಿ, ಪದರ 10 ಮೈಕ್ರಾನ್ ಅಂದಾಜು. ಪ್ಲೇಟಿಂಗ್‌ಗೆ ಮೊದಲು ಆ್ಯಸಿಡ್ ಕೆಲವೇ ಸೆಕೆಂಡು. ಅದರಲ್ಲಿ ಏನು ಬೆರೆಸುತ್ತೇನೆ, ಮೊದಲ ಅರ್ಧ ನಿಮಿಷ ಕರೆಂಟ್ ಎಷ್ಟು ಬಿಡುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ಆಮೇಲೆ ಬಿಸಿನೀರಲ್ಲಿ ತೊಳೆದು 200 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಲೆ. ಇದನ್ನು ಬಿಟ್ಟರೆ ಎಲ್ಲ ಕೆಟ್ಟಂತೆ. ಬೀಡಿನ ಸಣ್ಣ ತೂತುಗಳಲ್ಲಿ ಕೂತ ನೀರು, ಪ್ಲೇಟಿಂಗ್ ವೇಳೆ ಒಳಗೆ ಸೇರಿದ ಹೈಡ್ರೋಜನ್ ಎರಡೂ ಆಗಲೇ ಹೋಗಬೇಕು. ಇಲ್ಲದಿದ್ದರೆ ಸುರಿಯುವಾಗ ಹೊರಟು ಗಾಳಿಗೂಡು ಮಾಡುತ್ತವೆ. ಎರಡು ಜಾಬ್ ಹೀಗೇ ಹೋದವು, ಅವಸರ ಮಾಡಿದ್ದಕ್ಕೆ.

ತವರದ ತೊಟ್ಟಿ 285ರ ಸುತ್ತ, ವೈಟ್ ಮೆಟಲ್ 430. ಶೆಲ್ ತವರದಿಂದ ಎತ್ತಿದ ಮೇಲೆ ಅರ್ಧ ನಿಮಿಷದಲ್ಲಿ ಸುರಿಯಬೇಕು. ತವರ ಹಳದಿಗೆ ತಿರುಗಿದರೆ ಮತ್ತೆ ಅದ್ದುವುದೇ. ತಣಿಸುವುದು ಶೆಲ್‌ನ ಬೆನ್ನಿನಿಂದ, ಅಂಟುವ ಜಾಗ ಮೊದಲು ಗಟ್ಟಿಯಾಗಬೇಕು. ಆದರೆ ಸ್ಟೀಲ್‌ಗೆ ಹೊಡೆದ ಹಾಗೆ ನೀರು ಹೊಡೆಯಬೇಡಿ. ನನ್ನದೊಂದು ಶೆಲ್ ಟಪ್ ಅಂತ ಸೀಳಿತು, ಗಿರಾಕಿಗೆ ಹೊಸದು ಎರಕ ಹೊಯ್ಯಿಸಿ ಕೊಟ್ಟೆ. ಈಗ ಮೊದಲು ಗಾಳಿ, ಆಮೇಲೆ ಒದ್ದೆ ಗೋಣಿಚೀಲ.

ಜಾಸ್ತಿ ಹೊತ್ತು ತವರದಲ್ಲಿಟ್ಟರೆ ಜಾಸ್ತಿ ಹಿಡಿಯುತ್ತದೆ ಅನ್ನುವವರಿದ್ದಾರೆ. ಸುಮ್ನೆ ವಾದ ಯಾಕೆ ಅಂತ ಬೀಡಿನ ಮೂರು ಪಟ್ಟಿಗಳನ್ನು ತವರದಲ್ಲಿ 2, 10, 30 ನಿಮಿಷ ಇಟ್ಟು, ಮೇಲೆ ಲೋಹ ಸುರಿದು ಉಳಿ ಹೊಡೆದೆ. ಅರ್ಧ ಗಂಟೆಯದ್ದು ಬಿಸ್ಕತ್ತಿನ ಹಾಗೆ ಮುರಿದು ಹಾರಿತು. ನಡುವೆ ಹುಟ್ಟುವ ಪದರ ದಪ್ಪವಾದಷ್ಟೂ ಪೆಡಸು. 2 ನಿಮಿಷದ್ದರಲ್ಲಿ ಉಳಿ ಇಳಿದಂತೆ ವೈಟ್ ಮೆಟಲ್ ಸುರುಳಿ ಸುತ್ತಿಕೊಂಡು ಬಂತು, ಕೆಳಗೆ ಬೀಡಿನ ಮೇಲೆ ಒರಟಾದ ಬೂದು ಚರ್ಮದಷ್ಟು ಉಳಿದೇ ಇತ್ತು. ವೈಟ್ ಮೆಟಲ್ಲೇ ಸೀಳಿತು, ಅಂಟು ಬಿಡಲಿಲ್ಲ. ಆ ತುಂಡು ಇನ್ನೂ ನನ್ನ ಮೇಜಿನ ಮೇಲಿದೆ.

ಅಲ್ಯೂಮಿನಿಯಂ ಮೇಲೂ ನೋಡಿದೆ. ಜಿಂಕೇಟ್‌ನಲ್ಲಿ (ಸತುವಿನ ತೆಳು ಪದರ ಕೂರಿಸುವ ದ್ರಾವಣ) ಅದ್ದಿ, ಆ ಪದರವನ್ನು ನೈಟ್ರಿಕ್ ಆ್ಯಸಿಡ್‌ನಲ್ಲಿ ತೆಗೆದು, ಮತ್ತೆ ಅದ್ದಿ, ಮೇಲೆ ನಿಕ್ಕಲ್. ಅಂಗೈ ಅಗಲದ ತುಂಡಿಗೆ ಚೆಂದ ಹಿಡಿಯಿತು. ಕೇಳುವ ಗಿರಾಕಿ ಇಲ್ಲ, ಅಲ್ಲಿಗೇ ಬಿಟ್ಟೆ.

ತಟ್ಟಿ ಸದ್ದು ಕೇಳುವ ಪರೀಕ್ಷೆಯನ್ನು ಬೀಡಿಗೆ ನಂಬಬೇಡಿ, ಬೀಡು ಯಾವಾಗಲೂ ಮಂಕಾಗಿಯೇ ಸದ್ದು ಮಾಡುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಅಂಚಿಗೆ ಸೀಮೆಸುಣ್ಣದ ಪುಡಿ ಹಚ್ಚಿ. ಗೆರೆ ಒದ್ದೆಯಾಗದಿದ್ದರೆ ಅಂಚು ಸರಿ, ಒಳಗಿನದ್ದಕ್ಕೆ ಅಲ್ಟ್ರಾಸೋನಿಕ್ ಪರೀಕ್ಷೆ. ಆ ಫ್ಯಾನಿನ ನಾಲ್ಕೂ ಅರ್ಧಗಳನ್ನು ಡವ್‌ಟೇಲ್ ಇಲ್ಲದೆ, ಅದರ ಹಳೇ ಕಚ್ಚುಗಳನ್ನೂ ಬೋರ್ ಹೊಡೆದು ತೆಗೆದು ಕೊಟ್ಟೆ. ಎರಡು ಹಂಗಾಮು ಮುಗಿಸಿ ಬಿಚ್ಚಿದಾಗ ಒಂದಂಚೂ ಎದ್ದಿರಲಿಲ್ಲ. ಕೈಬರಹದಲ್ಲಿ ಬರೆದುಕೊಡು, ಉದುರಿದರೆ ದುಡ್ಡು ವಾಪಸ್ ಅಂದಿದ್ದ ಅಲ್ಲಿನ ಫೋರ್‌ಮನ್ ಈ ಬೇಸಿಗೆಗೆ ಇನ್ನೂ ಆರು ಬೇರಿಂಗ್ ಕಳಿಸಿದ್ದಾರೆ, ಏನನ್ನೂ ಬರೆಸಿಕೊಳ್ಳದೆ.