ಡಾಲರ್ ಇದೆ ಸರಿ, ಚಿಲ್ಲರೆ ಇದೆಯಾ?

ನಾನಿರುವುದು ಅಮೆರಿಕದ ಡಲ್ಲಾಸ್ ಹತ್ತಿರ, ಊರು ಸಾಗರ. ಮೊದಲ ಸಲ ರಜೆಗೆ ಊರಿಗೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ರೂಪಾಯಿ ಇಲ್ಲೇ ತಗೊಂಡು ಹೋಗಬೇಕಾ, ಅಲ್ಲಿ ಇಳಿದ ಮೇಲೆ ನೋಡಿಕೊಳ್ಳಬೇಕಾ? ಅಲ್ಲಿ ಇಳಿದ ಮೇಲೆಯೇ. ಆದರೆ ಸ್ವಲ್ಪ ತಯಾರಿ ಇಲ್ಲಿಂದಲೇ ಆಗಬೇಕು.

ಅಮೆರಿಕದಲ್ಲಿ ರೂಪಾಯಿ ಕೊಳ್ಳುವುದು ಸುಮ್ನೆ ದಂಡ. ದರ ತೀರಾ ಕಡಿಮೆ ಕೊಡುತ್ತಾರೆ. ಸಾಲದ್ದಕ್ಕೆ ಮಿತಿಯೂ ಇದೆ. ಹೊರಗಿನಿಂದ ಬರುವಾಗ ಭಾರತದ ನೋಟು 25,000 ರೂಪಾಯಿವರೆಗೆ ಮಾತ್ರ ತರಬಹುದು. ಡಾಲರಿಗೆ ಅಂಥ ಮಿತಿ ಇಲ್ಲ. ಆದರೆ ನೋಟುಗಳೇ 5,000 ಡಾಲರ್ ದಾಟಿದರೆ, ಅಥವಾ ಟ್ರಾವೆಲರ್ಸ್ ಚೆಕ್ಕೂ ಸೇರಿ 10,000 ದಾಟಿದರೆ, ಕಸ್ಟಮ್ಸ್‌ನಲ್ಲಿ ಘೋಷಣೆಯ ಫಾರ್ಮ್ ತುಂಬಬೇಕು. ಅಷ್ಟು ನಗದು ಹೊತ್ತು ತರುವ ಅಗತ್ಯ ನನಗಂತೂ ಬಿದ್ದಿಲ್ಲ.

ಏರ್‌ಪೋರ್ಟಿನ ಹಣ ಬದಲಿಸುವ ಕೌಂಟರಿನಲ್ಲಿ ‘ಕಮಿಷನ್ ಇಲ್ಲ’ ಅಂತ ಬೋರ್ಡ್ ಇದ್ದರೂ ಮರುಳಾಗಬೇಡಿ. ಅವರು ಡಾಲರ್ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರದಲ್ಲೇ ಕಮಿಷನ್ ಕೂತಿರುತ್ತದೆ. ಅದರ ಮೇಲೆ ಜಿಎಸ್‌ಟಿ, ಕನಿಷ್ಠ 45 ರೂಪಾಯಿ. ನಾನು ಆ ಕೌಂಟರ್ ದಾಟಿ ಸೀದಾ ಎಟಿಎಂಗೆ ಹೋಗುತ್ತೇನೆ.

ಎಟಿಎಂನಲ್ಲಿ ಒಂದು ಕಡೆ ಹುಷಾರಾಗಿರಬೇಕು. ವಿದೇಶಿ ಕಾರ್ಡ್ ಹಾಕಿ, ಪಿನ್ ಒತ್ತಿ, ಮೊತ್ತ ಹೊಡೆದ ಮೇಲೆ ಕೆಲವು ಮೆಷಿನ್‌ಗಳು ಇನ್ನೊಂದು ಪರದೆ ತೋರಿಸುತ್ತವೆ. ‘ಇಷ್ಟು ರೂಪಾಯಿಗೆ ನಿಮ್ಮ ಖಾತೆಯಿಂದ ಇಷ್ಟು ಡಾಲರ್ ಹೋಗುತ್ತದೆ, ಒಪ್ಪುತ್ತೀರಾ?’ ಅಂತ. ಕೆಳಗೆ ಎರಡು ಗುಂಡಿ, ಅಕ್ಸೆಪ್ಟ್ ಮತ್ತು ಡಿಕ್ಲೈನ್. ಡಿಕ್ಲೈನ್ ಒತ್ತಿದರೆ ಹಣವೇ ಬರಲ್ಲವೇನೋ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬರುತ್ತದೆ. ಅಲ್ಲಿ ಬೇಡ ಅನ್ನುವುದು ಆ ಮೆಷಿನ್ ಹೇಳುವ ದರಕ್ಕೆ ಮಾತ್ರ. ಆಮೇಲೆ ಲೆಕ್ಕ ಹಾಕುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರದಲ್ಲಿ, ಅದು ಸಾಮಾನ್ಯವಾಗಿ ವಾಸಿ. ಹಿಂದೆ ಕ್ಯೂ ನಿಂತಿರುತ್ತದೆ, ನಿದ್ದೆಗಣ್ಣು ಬೇರೆ, ಬೆರಳು ತಾನಾಗಿಯೇ ಅಕ್ಸೆಪ್ಟ್ ಕಡೆ ಹೋಗುತ್ತದೆ. ಅಲ್ಲೇ ಒಂದು ಗಳಿಗೆ ನಿಂತು ಓದಿ.

ಸುಮಾರು ಎಟಿಎಂಗಳು ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 10,000 ರೂಪಾಯಿ ಮಾತ್ರ ಕೊಡುತ್ತವೆ. ಪ್ರತಿ ಸಲಕ್ಕೂ ಅಲ್ಲಿನ ಬ್ಯಾಂಕು ಇನ್ನೂರು ಮುನ್ನೂರು ರೂಪಾಯಿ ಹಿಡಿಯಬಹುದು. ಕಾರ್ಡ್ ಕೊಟ್ಟ ಅಮೆರಿಕದ ಬ್ಯಾಂಕು ಶೇ. 3ರವರೆಗೆ ಸೇರಿಸಬಹುದು. ಅದಕ್ಕೇ ನಾನು ಚಾರ್ಲ್ಸ್ ಶ್ವಾಬ್ ಅನ್ನುವ ಅಮೆರಿಕದ ಸಂಸ್ಥೆಯ ಡೆಬಿಟ್ ಕಾರ್ಡ್ ಇಟ್ಟುಕೊಂಡಿದ್ದೇನೆ. ಅದಕ್ಕೆ ವಿದೇಶಿ ವ್ಯವಹಾರದ ಶುಲ್ಕ ಇಲ್ಲ, ಎಟಿಎಂ ಹಿಡಿದ ಶುಲ್ಕವನ್ನೂ ವಾಪಸ್ ಹಾಕುತ್ತಾರೆ.

ಇಷ್ಟು ಹೇಳಿದರೂ, ನನ್ನ ಖರ್ಚಿನ ದೊಡ್ಡ ಪಾಲು ಹೋಗುವುದು ಯುಪಿಐನಲ್ಲಿ. ಅಮೆರಿಕ, ಕೆನಡಾ, ಬ್ರಿಟನ್, ಯುಎಇ, ಸಿಂಗಪುರದಂಥ ಕೆಲವು ದೇಶಗಳ ಮೊಬೈಲ್ ನಂಬರಿಗೆ ಎನ್‌ಆರ್‌ಇ (ಅನಿವಾಸಿಗಳು ಹೊರದೇಶದ ಗಳಿಕೆ ಇಡುವ) ಅಥವಾ ಎನ್‌ಆರ್‌ಒ (ಅವರು ಭಾರತದೊಳಗಿನ ಹಣ ಇಡುವ) ಖಾತೆ ಜೋಡಿಸಿ ಯುಪಿಐ ಬಳಸಲು 2023ರಲ್ಲಿ ದಾರಿ ಆಯಿತು. ಈ ಕೆಲಸ ಹೊರಡುವ ಮುಂಚೆಯೇ ಮುಗಿಸಿ. ಖಾತೆಯಲ್ಲಿರುವ ನಂಬರಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು, ಅದು ಮನೆಯಲ್ಲಿ ಕೂತಾಗ ಸಲೀಸು. ಊರಲ್ಲಿ ಲೋಕಲ್ ಸಿಮ್ ಹಾಕಲು ಅಮೆರಿಕದ ಸಿಮ್ ತೆಗೆದಿಟ್ಟರೆ ಆ್ಯಪ್ ತಕರಾರು ಮಾಡಬಹುದು. ಎರಡು ಸಿಮ್ಮಿನ ಫೋನ್ ಇದ್ದರೆ ಚೆನ್ನ. ಹೊಸದಾಗಿ ಶುರು ಮಾಡಿದ ಮೊದಲ 24 ಗಂಟೆ 5,000 ರೂಪಾಯಿ ಮೇಲೆ ಕಳಿಸಲು ಬಿಡುವುದಿಲ್ಲ. ಟ್ಯಾಕ್ಸಿ, ಹೋಟೆಲ್ ಅಂತ ಇಳಿದ ದಿನವೇ ಖರ್ಚಿರುತ್ತದೆ ಅಲ್ವಾ, ಅದಕ್ಕೂ ಮೊದಲೇ ಮಾಡಿಡುವುದು ಒಳ್ಳೆಯದು.

ಭಾರತದಲ್ಲಿ ಖಾತೆಯೇ ಇಲ್ಲದ ವಿದೇಶಿ ಗಂಡನೋ ಸೊಸೆಯೋ ಜೊತೆಗಿದ್ದರೆ ‘ಯುಪಿಐ ಒನ್ ವರ್ಲ್ಡ್’ ಅನ್ನುವ ವ್ಯಾಲೆಟ್ ಇದೆ. ಪಾಸ್‌ಪೋರ್ಟ್, ವೀಸಾ ತೋರಿಸಿ, ಹಣ ತುಂಬಿಸಿಕೊಂಡು ಅಂಗಡಿಗಳಲ್ಲಿ ಸ್ಕ್ಯಾನ್ ಮಾಡಬಹುದು.

ಹಾಗಾದರೆ ಕ್ಯಾಷ್ ಯಾಕೆ? 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಕೇಳಿ. ಯುಪಿಐನಲ್ಲಿ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಅಂಗಡಿಯವರು ಕ್ಯೂಆರ್ ಸ್ಟಿಕರ್ ಕಿತ್ತು ‘ಯುಪಿಐ ಇಲ್ಲ, ಕ್ಯಾಷ್ ಮಾತ್ರ’ ಅಂತ ಬರೆದು ಅಂಟಿಸಿದರು. ಗಲಾಟೆ ಆಮೇಲೆ ತಣ್ಣಗಾಯಿತು. ಆದರೂ ಜೇಬಲ್ಲಿ ನೋಟಿಲ್ಲದೆ ಓಡಾಡುವ ಧೈರ್ಯ ನನಗೆ ಇಲ್ಲ.

ನೋಟು ಇದ್ದರೂ ಸಾಲದು, ಚಿಲ್ಲರೆ ಬೇಕು. ನಿಜವಾದ ಕಷ್ಟ ಇರುವುದು ಇಲ್ಲೇ. ಎಟಿಎಂ ಉದುರಿಸುವುದು ಐನೂರರ ನೋಟು. ಬೆಳಗಿನ ಹೊತ್ತು ಹೂವಿನವರ ಮುಂದೆ ಐನೂರು ಹಿಡಿದರೆ ‘ಇನ್ನೂ ಬೋಣಿ ಆಗಿಲ್ಲ ಕಣಣ್ಣ’ ಅನ್ನುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಉಳಿದ ದುಡ್ಡನ್ನು ಟಿಕೆಟ್ ಹಿಂದೆ ಬರೆದು ‘ಇಳಿಯುವಾಗ ಇಸ್ಕೊಳಿ’ ಅಂತಾನೆ. ಇಳಿಯುವ ಗಡಿಬಿಡಿಯಲ್ಲಿ ಆ ಟಿಕೆಟ್ ಯಾವ ಜೇಬಿನಲ್ಲಿದೆ ಅಂತ ಹುಡುಕುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಇನ್ನು ಮಂಗಳಾರತಿ ತಟ್ಟೆಗೆ ಹತ್ತು, ಮದುವೆ ಮುಯ್ಯಿಗೆ 501. ಆ ಒಂದು ರೂಪಾಯಿಯ ಕಷ್ಟ ಗೊತ್ತಿರುವುದರಿಂದಲೇ ನಾಣ್ಯ ಅಂಟಿಸಿದ ಕವರ್ ಅಂಗಡಿಯಲ್ಲಿ ಸಿಗುತ್ತದೆ.

ನನ್ನ ಉಪಾಯ ಹೀಗೆ. ಎಟಿಎಂನಲ್ಲಿ 10,000 ಹೊಡೆಯುವುದಿಲ್ಲ, 9,900 ಹೊಡೆಯುತ್ತೇನೆ. ಕೊನೆಯ ನಾನೂರಾದರೂ ನೂರು ಇನ್ನೂರರಲ್ಲಿ ಬರಲೇಬೇಕು. ನೂರು ಅಥವಾ ಇನ್ನೂರರ ನೋಟು ಎಟಿಎಂಗಳಲ್ಲಿ ಸಿಗುವಂತೆ ನೋಡಿಕೊಳ್ಳಿ ಅಂತ ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಪೆಟ್ರೋಲ್ ಬಂಕ್, ಮೆಡಿಕಲ್ ಶಾಪ್, ದರ್ಶಿನಿಯಲ್ಲಿ ಐನೂರು ಮುರಿಸುತ್ತೇನೆ, ಅಲ್ಲಿ ಯುಪಿಐ ಬಳಸುವುದೇ ಇಲ್ಲ. ಸಾಗರ ತಲುಪಿದ ಮೇಲೆ ನಮ್ಮ ಚಿಕ್ಕಪ್ಪ ತಮ್ಮ ಬ್ಯಾಂಕಿನಿಂದ ಹತ್ತರ ಒಂದು ಕಟ್ಟು ತಂದುಕೊಡುತ್ತಾರೆ. ನೂರು ನೋಟು, ಸಾವಿರ ರೂಪಾಯಿ. ಹಂಪಿಯ ಕಲ್ಲಿನ ರಥ ಇರುವ ಐವತ್ತರ ನೋಟೂ ಒಂದಷ್ಟು ಸಿಕ್ಕರೆ ಆ ರಜೆ ಆರಾಮ.

ಕೈಯಲ್ಲಿ ಡಾಲರ್ ನೋಟೇ ಇದ್ದರೆ ಬೆಂಗಳೂರಿನ ಎಂ.ಜಿ. ರಸ್ತೆ ಕಡೆಯ ಅಧಿಕೃತ ಮನಿ ಚೇಂಜರ್ ಹತ್ತಿರ ಹೋಗಿ. ಎರಡು ಮೂರು ಕಡೆ ದರ ಕೇಳಿ, ಚೌಕಾಸಿ ನಡೆಯುತ್ತದೆ. ಪಾಸ್‌ಪೋರ್ಟ್ ಬೇಕು. ನೂರರ ಹೊಸ ನೋಟಿಗೆ ಒಳ್ಳೆ ದರ. ಶಾಯಿ ಗುರುತು, ಹರಿದ ಅಂಚು ಇದ್ದರೆ ಮುಖ ತಿರುಗಿಸುತ್ತಾರೆ. ರಸೀದಿ ಕೇಳಿ ಇಸಕೊಳ್ಳಿ, ಉಳಿದ ರೂಪಾಯಿಯನ್ನು ವಾಪಸ್ ಡಾಲರ್ ಮಾಡಿಸುವಾಗ ಕೇಳುತ್ತಾರೆ.

ನಾನು ಮಾಡಿಸುವುದಿಲ್ಲ. ಉಳಿದದ್ದರಲ್ಲಿ ಮುಂದಿನ ಸಲದ ಟ್ಯಾಕ್ಸಿಗೆ ಆಗುವಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಎನ್‌ಆರ್‌ಒ ಖಾತೆಗೆ ಕಟ್ಟುತ್ತೇನೆ. ಎನ್‌ಆರ್‌ಇಗೆ ರೂಪಾಯಿ ನಗದು ಕಟ್ಟುವ ಹಾಗಿಲ್ಲ. ಹಳೇ ಪರ್ಸಿನಲ್ಲಿ 2,000ದ ಗುಲಾಬಿ ನೋಟು ಸಿಕ್ಕರೆ ಎಸೆಯಬೇಡಿ. 2023ರ ಮೇನಲ್ಲಿ ಚಲಾವಣೆಯಿಂದ ಹಿಂತೆಗೆದುಕೊಂಡರೂ ಅದಕ್ಕೆ ಬೆಲೆ ಇದೆ. ಅಂಗಡಿಯವರು ಮುಟ್ಟುವುದಿಲ್ಲ, ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿಗೆ ಹೋಗಬೇಕು. 2016ರ ನವೆಂಬರಿನಲ್ಲಿ ರದ್ದಾದ ಹಳೇ ಐನೂರು, ಸಾವಿರಕ್ಕೆ ಆ ಭಾಗ್ಯವೂ ಇಲ್ಲ.